ವೃಂದಗಾನ: ಹಾಡಿಸುವ ಕೈಗೆ ಮೊದಲ ಪಾಠ

ಮಣಲಿಯಲ್ಲಾಗಲಿ ಮೈಲಾಪುರದಲ್ಲಾಗಲಿ, ನವೆಂಬರ್ 1 ಬಂತೆಂದರೆ ನಾಡಗೀತೆಗೆ ಮಕ್ಕಳು ಬೇಕು. ಕುವೆಂಪು ಅವರ ಗೀತೆ 2004ರಲ್ಲಿ ಕರ್ನಾಟಕದ ನಾಡಗೀತೆಯಾಯಿತು. ಮೈಸೂರು ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷ ಎಂದು 2022ರಲ್ಲಿ ಕರ್ನಾಟಕ ಸರ್ಕಾರ ಗೊತ್ತುಮಾಡಿತು. ಧಾಟಿಯೇನೋ ಒಂದೇ, ಆದರೆ ಐವತ್ತು ಗಂಟಲು ಒಂದಾಗಬೇಕಲ್ಲ? ಆ ಹೊಣೆ ಮುಂದೆ ನಿಂತ ಸಂಗೀತ ಟೀಚರ್‌ದು.

ತರಬೇತಿಗೆ ಬಂದ ಹೊಸ ಟೀಚರ್‌ಗೆ ತಾಳ ಹಾಕುವುದು ಗೊತ್ತಿರುತ್ತದೆ. ಅಷ್ಟೇ ಸಾಲದು. ತಾಳ ಹಾಕುವ ಕೈ ಈಗ ಎಲ್ಲಿದ್ದೇವೆ ಎಂದು ಹೇಳುತ್ತದೆ. ಹಾಡಿಸುವ ಕೈ ಮುಂದೆ ಬರುವುದನ್ನು ಮೊದಲೇ ಹೇಳಬೇಕು.

ಅದಕ್ಕೇ ಮೊದಲ ಪಾಠ ಉಸಿರು. ಹಾಡು ಶುರುವಾಗುವ ಒಂದು ಎಣಿಕೆ ಮೊದಲು ಕೈ ಎತ್ತಿ, ನೀವೂ ಉಸಿರೆಳೆಯಿರಿ. ನೋಡುವ ಮಕ್ಕಳೂ ಎಳೆಯುತ್ತಾರೆ. ಕೈ ಇಳಿದಾಗ ಸ್ವರ ಒಟ್ಟಿಗೆ ಬರುತ್ತದೆ. ಕೈ ಎತ್ತಿದ ವೇಗವೇ ಹಾಡಿನ ವೇಗ.

ನಂತರ ಬಲಗೈಯ ದಾರಿ. ನಾಲ್ಕು ಎಣಿಕೆಗೆ ಕೆಳಗೆ, ಎಡಕ್ಕೆ, ಬಲಕ್ಕೆ, ಮೇಲಕ್ಕೆ. ಮೂರಕ್ಕೆ ಕೆಳಗೆ, ಬಲಕ್ಕೆ, ಮೇಲಕ್ಕೆ. ಎಡಗೈಗೆ ಬೇರೆ ಕೆಲಸ: ಅಂಗೈ ಮೇಲೆತ್ತಿದರೆ ದನಿ ಏರಲಿ, ಕೆಳಮುಖ ಮಾಡಿದರೆ ಇಳಿಯಲಿ, ಬೆರಳು ಕೂಡಿಸಿದರೆ ಎಲ್ಲರೂ ಒಟ್ಟಿಗೆ ನಿಲ್ಲಲಿ. ಕನ್ನಡಿಯ ಮುಂದೆ ಅಭ್ಯಾಸ ಮಾಡಿ.

ಶ್ರುತಿಯನ್ನು ನಿಮ್ಮ ಗಂಟಲಿಗಲ್ಲ, ಮಕ್ಕಳ ಗಂಟಲಿಗೆ ಹೊಂದಿಸಿ. ಅತಿ ಮೇಲಿನ ಮತ್ತು ಅತಿ ಕೆಳಗಿನ ಸ್ವರವನ್ನು ಮೊದಲು ಹಾಡಿಸಿ ನೋಡಿ. ಎರಡಕ್ಕೂ ಕಿರುಚದೆ ತಡವರಿಸದೆ ಮುಟ್ಟಿದರೆ ಶ್ರುತಿ ಸರಿ.

ಚೆನ್ನೈಗೆ ಈ ವಿದ್ಯೆ ಹೊಸದಲ್ಲ. ಚಲನಚಿತ್ರ ಸಂಗೀತ ನಿರ್ದೇಶಕ ಎಂ.ಬಿ. ಶ್ರೀನಿವಾಸನ್ (1925–1988) 'ಮದ್ರಾಸ್ ಯೂತ್ ಕ್ವಾಯರ್' ಕಟ್ಟಿ, ಭಾರತದ ಹಲವು ಭಾಷೆಗಳಲ್ಲಿ ವೃಂದಗಾನ ಹಾಡಿಸಿದರು. ರಿಫೈನರಿ, ರಸಗೊಬ್ಬರ ಕಾರ್ಖಾನೆಗಳ ಮಣಲಿಯಲ್ಲೂ ಒಂದೇ ತರಗತಿಯಲ್ಲಿ ತಮಿಳು, ತೆಲುಗು, ಕನ್ನಡ ಮನೆಮಾತಿನ ಮಕ್ಕಳಿರಬಹುದು. ಅಂಥಲ್ಲಿ ಕನ್ನಡ ಹಾಡನ್ನು ತಮಿಳು ಲಿಪಿಯಲ್ಲಿ ಬರೆದು ಹಂಚಿದರೆ 'ಭಾರತ' 'ಪಾರತ' ಆಗಿಬಿಡಬಹುದು, ಏಕೆಂದರೆ ಆ ಲಿಪಿಯಲ್ಲಿ ಪ, ಬ, ಭ ಮೂರಕ್ಕೂ ಒಂದೇ ಅಕ್ಷರ. ಒಂದೊಂದು ಸಾಲನ್ನೂ ಅರ್ಥ ಹೇಳಿ, ಬಾಯಿಂದ ಬಾಯಿಗೆ ಕಲಿಸಿ.

ಕೊನೆಗೆ, ಶ್ರುತಿ ತಪ್ಪುವ ಮಗುವಿನ ಮಾತು. "ನೀನು ಸುಮ್ಮನೆ ಬಾಯಿ ಆಡಿಸು ಸಾಕು" ಎಂದರೆ ಕಾರ್ಯಕ್ರಮವೇನೋ ಚೆನ್ನಾಗಿ ನಡೆದೀತು. ಆದರೆ ಆ ಮಗು ಮತ್ತೆಂದೂ ಹಾಡಲು ಬಾಯಿ ತೆರೆಯದೇ ಹೋಗಬಹುದು. ಚೆನ್ನಾಗಿ ಹಾಡುವ ಇಬ್ಬರ ನಡುವೆ ನಿಲ್ಲಿಸಿ, ಕೇಳಿಸಿಕೊಂಡು ಮೆಲ್ಲಗೆ ಹಾಡಲು ಹೇಳಿ. ಧ್ವನಿ ಒಡೆಯುವ ವಯಸ್ಸಿನ ಹುಡುಗರಿಗೆ ಕೆಳ ಸ್ಥಾಯಿಯಲ್ಲಿ ಹಾಡಲು ಬಿಡಿ. ಯಾರನ್ನೂ ಸಾಲಿನಿಂದ ಹೊರಗೆ ಕಳಿಸಬೇಡಿ. ವೃಂದ ಎಂದರೆ ಅದೇ ತಾನೆ?

ಮುಂದಿನ ಬಾರಿ ರೇಡಿಯೋದಲ್ಲಿ ಸಮೂಹಗಾನ ಬಂದಾಗ ಮೊದಲ ಸ್ವರಕ್ಕೆ ಕಿವಿಗೊಡಿ. ಎಲ್ಲರೂ ಒಟ್ಟಿಗೆ ಎತ್ತಿಕೊಂಡಿದ್ದರೆ, ಅವರ ಮುಂದೆ ಒಳ್ಳೆಯ ಕೈಯೊಂದು ಇತ್ತೆಂದು ತಿಳಿಯಿರಿ.