ಮರಳಿ ಸೇರದ ಎಲೆ: ಇಸ್ಪೀಟಿನ ಕಟ್ಟಿನಲ್ಲಿ ಸಂಭವನೀಯತೆಯ ಲೆಕ್ಕ

ಜೋಕರುಗಳನ್ನು ಬಿಟ್ಟರೆ ಇಸ್ಪೀಟಿನ ಒಂದು ಕಟ್ಟಿನಲ್ಲಿ 52 ಎಲೆಗಳಿದ್ದು, ಆಟೀನು, ಡೈಮನ್, ಕಳಾವರ್, ಇಸ್ಪೀಟು ಎಂಬ ನಾಲ್ಕು ಜಾತಿಗಳಿಗೆ ಒಂದೊಂದರಂತೆ ನಾಲ್ಕು ಎಕ್ಕಗಳಿರುತ್ತವೆ. ಚೆನ್ನಾಗಿ ಕಲಸಿದ ಕಟ್ಟಿನಿಂದ ಎಳೆದ ಮೊದಲ ಎಲೆ ಎಕ್ಕವಾಗಿರುವ ಸಂಭವನೀಯತೆ, ಅಂದರೆ ಬೇಕಾದ ಫಲಿತಗಳ ಸಂಖ್ಯೆಗೂ ಸಾಧ್ಯವಿರುವ ಎಲ್ಲ ಫಲಿತಗಳ ಸಂಖ್ಯೆಗೂ ಇರುವ ಅನುಪಾತ, 4/52 ಅಥವಾ 1/13. ಆ ಎಲೆಯನ್ನು ಮರಳಿ ಸೇರಿಸಿ ಕಲಸಿದರೆ ಎರಡನೆಯ ಸಲವೂ ಲೆಕ್ಕ ಇದೇ ಆಗಿರುವುದರಿಂದ ಎರಡು ಸಲವೂ ಎಕ್ಕವೇ ಬರುವ ಸಂಭವನೀಯತೆ 1/169; ಒಂದರ ಫಲಿತ ಇನ್ನೊಂದನ್ನು ಬಾಧಿಸದ ಇಂಥವುಗಳಿಗೆ ಸ್ವತಂತ್ರ ಘಟನೆಗಳೆಂದು ಹೆಸರು.

ಎಲೆಯನ್ನು ಮರಳಿ ಸೇರಿಸದೆ ಹೋದರೆ ಲೆಕ್ಕ ಬದಲಾಗುತ್ತದೆ. ಮೊದಲು ಎಕ್ಕವೇ ಬಂದಿದ್ದರೆ ಉಳಿದ 51 ಎಲೆಗಳಲ್ಲಿ ಎಕ್ಕಗಳು ಮೂರೇ ಆಗಿರುವುದರಿಂದ, ಭಿನ್ನರಾಶಿಯ ಅಂಶ, ಛೇದಗಳೆರಡೂ ಒಂದೊಂದು ಇಳಿದು ಎರಡನೆಯ ಎಕ್ಕದ ಸಂಭವನೀಯತೆ 3/51 ಆಗುತ್ತದೆ. ಹೀಗೆ ಮೊದಲ ಫಲಿತವನ್ನು ಷರತ್ತಾಗಿ ಇಟ್ಟುಕೊಂಡು ಕಟ್ಟುವ ಲೆಕ್ಕವೇ ಷರತ್ತುಬದ್ಧ ಸಂಭವನೀಯತೆ. ಎರಡನ್ನೂ ಗುಣಿಸಿದಾಗ ಬರುವ ಉತ್ತರ 1/221.

ಆದರೆ ಮೊದಲ ಎಲೆಯನ್ನು ಯಾರೂ ನೋಡದೆ ಬೋರಲಾಗಿ ಪಕ್ಕಕ್ಕಿಟ್ಟರೆ ಎರಡನೆಯದು ಎಕ್ಕವಾಗುವ ಸಂಭವನೀಯತೆ ಎಷ್ಟು? ಬೋರಲಿಟ್ಟ ಎಲೆ ಎಕ್ಕವಾಗಿದ್ದರೆ 4/52 × 3/51, ಅಲ್ಲದಿದ್ದರೆ 48/52 × 4/51. ಇವೆರಡನ್ನೂ ಕೂಡಿಸಿದರೆ 204/2652, ಅಂದರೆ ಮತ್ತೆ 1/13. ಕಟ್ಟಿನಿಂದ ಎಲೆ ಹೊರಬಿದ್ದ ಮಾತ್ರಕ್ಕೆ ಸಂಭವನೀಯತೆ ಬದಲಾಗುವುದಿಲ್ಲ, ಯಾವ ಎಲೆ ಹೊರಬಿತ್ತೆಂಬುದು ತಿಳಿದಾಗಷ್ಟೇ ಬದಲಾಗುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅಮೆರಿಕದ ಗಣಿತಜ್ಞ ಎಡ್ವರ್ಡ್ ಥಾರ್ಪ್ 1962ರಲ್ಲಿ ಪ್ರಕಟಿಸಿದ 'ಬೀಟ್ ದ ಡೀಲರ್' ಎಂಬ ಪುಸ್ತಕ ನಿಂತಿರುವುದು ಈ ತತ್ತ್ವದ ಮೇಲೆಯೇ. ಬ್ಲ್ಯಾಕ್‌ಜಾಕ್ ಆಟದಲ್ಲಿ ಆಡಿದ ಎಲೆಗಳು ಮುಂದಿನ ಕಲಸುವಿಕೆಯವರೆಗೆ ಕಟ್ಟಿಗೆ ಮರಳುವುದಿಲ್ಲವಾದ್ದರಿಂದ, ಅವುಗಳ ಲೆಕ್ಕವಿಟ್ಟುಕೊಂಡು, ಉಳಿದ ಕಟ್ಟಿನಲ್ಲಿ ಎಕ್ಕ ಮತ್ತು ಹತ್ತರ ಬೆಲೆಯ ಎಲೆಗಳು ಹೆಚ್ಚಿರುವಾಗ ದೊಡ್ಡ ಪಣ ಕಟ್ಟಿದರೆ ಆಟಗಾರನಿಗೆ ಅನುಕೂಲವೆಂದು ಅವರು ತೋರಿಸಿಕೊಟ್ಟರು. ಇದಕ್ಕೆ ಕ್ಯಾಸಿನೊಗಳು ಬಳಸಿದ ಪ್ರತಿತಂತ್ರಗಳಲ್ಲಿ ಹಲವು ಕಟ್ಟುಗಳನ್ನು ಒಟ್ಟುಗೂಡಿಸುವುದೂ ಒಂದು. ಒಂದೇ ಕಟ್ಟಿನಲ್ಲಿ ಒಂದು ಎಕ್ಕ ಹೊರಬಿದ್ದರೆ ಮುಂದಿನ ಎಲೆ ಎಕ್ಕವಾಗುವ ಸಂಭವನೀಯತೆ ಶೇ 7.7ರಿಂದ 5.9ಕ್ಕೆ ಕುಸಿಯುತ್ತದೆ, ಆರು ಕಟ್ಟುಗಳ 312 ಎಲೆಗಳಲ್ಲಾದರೆ ಅದು 23/311, ಅಂದರೆ ಶೇ 7.4ಕ್ಕಷ್ಟೇ ಇಳಿಯುವುದರಿಂದ, ಒಂದು ಎಲೆ ಕಂಡದ್ದರಿಂದ ಸಿಗುವ ಅನುಕೂಲವೂ ಅಷ್ಟೇ ಕಿರಿದಾಗುತ್ತದೆ.