ಬಟ್ಟೆಯ ವಜ್ರಾಂಗಿ

ಕವಚವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕಬ್ಬಿಣ. ವಜ್ರಾಂಗಿ, ಜೋಡು, ಸೀಸಕ ಎಂಬ ಹಳೆಯ ಮಾತುಗಳೂ ಲೋಹದ ಸದ್ದನ್ನೇ ಕಿವಿಗೆ ತರುತ್ತವೆ. ಆದರೆ ಸುಡುಬಿಸಿಲಿನಲ್ಲಿ ದಂಡಿನ ಸಂಗಡ ನಡೆಯಬೇಕಾದ ಯೋಧನಿಗೆ ಕಬ್ಬಿಣಕ್ಕಿಂತ ಹತ್ತಿರದ ನೆಂಟ ಅರಳೆ. ರೇಷ್ಮೆಗೂಡಿನ ವ್ಯಾಪಾರಕ್ಕೆ ಹೆಸರಾದ ವಿಜಯಪುರದಲ್ಲಿ ಕುಳಿತು ಬರೆಯುತ್ತಿರುವುದರಿಂದಲೋ ಏನೋ, ಆಯುಧಶಾಲೆಯ ವಿಷಯದಲ್ಲಿಯೂ ನನ್ನ ಪಕ್ಷಪಾತ ನೂಲಿನ ಕಡೆಗೇ.

ಬಟ್ಟೆಯ ಪದರಗಳ ನಡುವೆ ಅರಳೆ ತುಂಬಿ, ಒತ್ತೊತ್ತಾಗಿ ಹೊಲಿದು, ಮೇಲೆ ಮಖಮಲ್ಲು ಹೊದಿಸಿ ಈ ಕವಚಗಳನ್ನು ಸಿದ್ಧಪಡಿಸುತ್ತಿದ್ದರು. ಎದೆಯನ್ನೂ ನಡುವನ್ನೂ ಸುತ್ತಿ ಕಟ್ಟುವ ಬಗೆಗೆ ಪೇಟಿ ಎಂದು ಹೆಸರು. ಗಿಲೀಟಿನ ಹಿತ್ತಾಳೆ ಮೊಳೆಗಳನ್ನು ಮೈತುಂಬ ಕೂರಿಸಿದ ಇನ್ನೊಂದು ಬಗೆ ‘ಸಾವಿರ ಮೊಳೆಯ ಅಂಗಿ’. ಮಖಮಲ್ಲಿನ ಮೇಲೆ ಚುಕ್ಕಿ ರಂಗೋಲಿ ಇಟ್ಟಂತೆ. ಇದೆಲ್ಲ ಬರಿಯ ಸೊಗಸಿಗೆಂದು ತಿಳಿಯಬಾರದು. ಹೊಲಿಗೆಯಿಲ್ಲದಿದ್ದರೆ ಅರಳೆ ಜಾರಿ ಒಂದೆಡೆ ಗಂಟಾಗುತ್ತದೆ, ಇನ್ನೊಂದೆಡೆ ಬರಿದಾಗುತ್ತದೆ. ಕತ್ತಿಯ ಏಟು ಬೀಳುವುದು ಆ ಬರಿದಾದ ಕಡೆಗೇ! ಚೌಕುಳಿಯ ಹೊಲಿಗೆ ಮೊದಲು ರಕ್ಷೆ, ಆಮೇಲೆ ಶೃಂಗಾರ.

ಉಕ್ಕಿನ ಕೆಲಸವನ್ನು ಕಡೆಗಣಿಸಿದೆನೆಂದು ಯಾರೂ ಮುನಿಯಬೇಡಿ. ಬೀದರಿನ ಕುಸುರಿಗಾರ ಕೊರೆದ ಹಳ್ಳದಲ್ಲಿ ಬೆಳ್ಳಿಯನ್ನು ಕೂರಿಸುತ್ತಾನೆ. ಕೋಫ್ತಗಿರಿಯವನಾದರೋ ಉಕ್ಕಿನ ಮೈಯನ್ನು ಸಣ್ಣ ಅಡ್ಡಗೀರುಗಳಿಂದ ಒರಟುಮಾಡಿ, ಚಿನ್ನದ ಎಳೆಯನ್ನು ಅದರ ಮೇಲಿಟ್ಟು ಬಡಿದು ಹಿಡಿಸುತ್ತಾನೆ. ನಮ್ಮ ನೆರೆಯ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನನ ಚಿನ್ನದ ಕೆಲಸದ ಕತ್ತಿಯೊಂದು 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 1.4 ಕೋಟಿ ಪೌಂಡಿಗೆ ಹೋಯಿತು. ಬೆಲೆ ಬಂದದ್ದು ಅರಸನ ಹೆಸರಿಗೆಂದೇ ನನ್ನ ಎಣಿಕೆ, ಬಡಿದವನ ಸುತ್ತಿಗೆಗಲ್ಲ.

ಬಂಗಾಳದಿಂದ ರೇಷ್ಮೆಹುಳು ತರಿಸಿ ಮೈಸೂರು ಸೀಮೆಯಲ್ಲಿ ಸಾಕಿಸಿದವನೂ ಅವನೇ. ‘ಬಬ್ರಿ’ ಎಂಬ ಹುಲಿಪಟ್ಟೆಯನ್ನು ಅವನು ಕತ್ತಿಗೂ ಕೋವಿಗೂ ಇಡಿಸಿದ. ಸಿಪಾಯಿಯ ಹತ್ತಿಯಂಗಿಗೂ ಹಾಕಿಸಿದ. ಆ ಪಟ್ಟೆಯನ್ನು ನೋಡಲು ವಿಲಾಯತಿಗೆ ಹೋಗಬೇಕಾಗಿಲ್ಲ, ಶ್ರೀರಂಗಪಟ್ಟಣದ ಗುಂಬಜಿನ ಒಳಗೋಡೆಯನ್ನು ನೋಡಿದರೆ ಸಾಕು.

ತುಪಾಕಿಯ ಗುಂಡಿನ ಮುಂದೆ ಅರಳೆಯೂ ನಿಲ್ಲದು, ಉಕ್ಕೂ ನಿಲ್ಲದು. 1799ರ ಮೇ 4ರ ರಾತ್ರಿ ಕೋಟೆಯ ಬಾಗಿಲಲ್ಲಿ ಹೆಣಗಳ ರಾಶಿಯೊಳಗಿಂದ ಸುಲ್ತಾನನನ್ನು ಹೊರತೆಗೆದಾಗ ಅವನು ತೊಟ್ಟಿದ್ದುದೇನೆಂಬುದನ್ನು ಮೇಜರ್ ಅಲನ್ ಬರೆದಿಟ್ಟಿದ್ದಾನೆ: ನವುರಾದ ಬಿಳಿಯ ಅಂಗಿ, ಹೂವಿನ ಚೀಟಿಯ ಷರಾಯಿ, ನಡುವಿಗೆ ರೇಷ್ಮೆಯೂ ಹತ್ತಿಯೂ ಬೆರೆತ ಕೆಂಪು ವಸ್ತ್ರ, ತೋಳಿನಲ್ಲಿ ಒಂದು ತಾಯಿತ.