ಮಳೆಯಲ್ಲಿ ನೆನೆದರೆ ಜ್ವರ ಬರುವುದೆ?

ಆಷಾಢದ ಮಳೆ ಹಿಡಿದಾಗ ತೀರ್ಥಹಳ್ಳಿಯ ಸೀಮೆಯಲ್ಲಿ ವಾರಗಟ್ಟಲೆ ಸೂರ್ಯನ ದರ್ಶನವಾಗುವುದಿಲ್ಲ. ತುಂಗೆಯು ಕೆಂಪು ನೀರನ್ನು ಹೊತ್ತು, ಹೊಳೆಯ ಬಂಡೆಗಳನ್ನೆಲ್ಲ ಮುಚ್ಚಿ ಹರಿಯುತ್ತಾಳೆ. ಇದೇ ತಾಲ್ಲೂಕಿಗೆ ಸೇರಿದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಮಿಗಿಲಾದ ಮಳೆ ಬೀಳುತ್ತದೆ. ಆ ನೀರು ಹರಿಯದೆ, ಇಂಗದೆ, ಬಿದ್ದಲ್ಲಿಯೇ ನಿಂತರೆ ನಾಲ್ಕಾಳಿನ ಎತ್ತರವಾದೀತು!

ಇಂತಹ ದಿನಗಳಲ್ಲಿ ತರಗತಿಯಲ್ಲಿ ಹಾಜರಿ ಕರೆಯುವಾಗ ಕೆಲವು ಹೆಸರುಗಳಿಗೆ ಉತ್ತರ ಬರುವುದಿಲ್ಲ. ವಾರದ ಮೇಲೆ ಬಂದ ಹುಡುಗನನ್ನು ವಿಚಾರಿಸಿದರೆ, "ಮಳೆಯಲ್ಲಿ ನೆನೆದೆ, ಜ್ವರ ಬಂತು" ಎಂಬ ಒಂದೇ ಉತ್ತರ. ಮಲೆನಾಡಿನಲ್ಲಿ ಈ ಮಾತನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಒಂದು ಘಟನೆಯ ಹಿಂದೆ ಇನ್ನೊಂದು ಬಂದ ಮಾತ್ರಕ್ಕೆ ಮೊದಲಿನದು ಎರಡನೆಯದಕ್ಕೆ ಕಾರಣವಾಗಲೇಬೇಕೆ? ಸ್ವಲ್ಪ ವಿಚಾರ ಮಾಡೋಣ.

ನೆನೆದವನಿಗೆ ಚಳಿಯಾಗುವುದು ನಿಜ. ನೀರು ಆವಿಯಾಗಲು ಉಷ್ಣ ಬೇಕು. ದೇಹದ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು ೫೮೦ ಕ್ಯಾಲೊರಿ ಉಷ್ಣವನ್ನು ಹೀರುತ್ತದೆ. ತೊಯ್ದ ಬಟ್ಟೆಯಲ್ಲಿ ಅರ್ಧ ಕಿಲೋಗ್ರಾಂ ನೀರಿದೆಯೆಂದು ಇಟ್ಟುಕೊಳ್ಳಿ. ಅದೆಲ್ಲವೂ ಆವಿಯಾಗಲು ಬೇಕಾದ ಉಷ್ಣದಿಂದ ಸುಮಾರು ನಾಲ್ಕು ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸಬಹುದು. ಈ ಉಷ್ಣದಲ್ಲಿ ಒಂದು ಪಾಲು ಸುತ್ತಲಿನ ಗಾಳಿಯಿಂದ ಬಂದರೆ ಇನ್ನೊಂದು ಪಾಲು ನಮ್ಮ ಮೈಯಿಂದಲೇ ಹೋಗುತ್ತದೆ. ಈ ನಷ್ಟವನ್ನು ತುಂಬಲು ಸ್ನಾಯುಗಳು ಅದುರುತ್ತವೆ. ಅದೇ ನಡುಕ. ಒಣಬಟ್ಟೆಯುಟ್ಟು ಬಿಸಿ ಕಷಾಯ ಕುಡಿದರೆ ಅದು ನಿಲ್ಲುತ್ತದೆ.

ಒಣಬಟ್ಟೆಯನ್ನು ಒದಗಿಸುವುದರಲ್ಲಿ ನಮ್ಮ ಹಿರಿಯರು ಜಾಣರು. ಬಚ್ಚಲೊಲೆಯ ಮೇಲೆ ಗಳು ಕಟ್ಟಿ ಬಟ್ಟೆ ಹರಡುವ ಪದ್ಧತಿ ಎಲ್ಲರಿಗೂ ಗೊತ್ತು. ೨೦ ಡಿಗ್ರಿ ಸೆಂಟಿಗ್ರೇಡಿನ ಒಂದು ಘನಮೀಟರ್ ಗಾಳಿಯು ಹೆಚ್ಚೆಂದರೆ ೧೭ ಗ್ರಾಂ ನೀರಾವಿಯನ್ನು ಹಿಡಿಯಬಲ್ಲುದು. ಮಳೆಗಾಲದಲ್ಲಿ ಅದು ಆಗಲೇ ತುಂಬಿರುವುದರಿಂದ ಬಟ್ಟೆ ಒಣಗುವುದಿಲ್ಲ. ಅದೇ ಗಾಳಿಯನ್ನು ೩೦ ಡಿಗ್ರಿಗೆ ಕಾಯಿಸಿದರೆ ೩೦ ಗ್ರಾಂ ಹಿಡಿಯುತ್ತದೆ. ಹೊಸ ಆವಿಗೆ ಸ್ಥಳವಾಗುತ್ತದೆ. ಆದರೆ ಹೊಗೆಯೂ ಆವಿಯೂ ಹೊರಹೋಗಲು ಮೇಲೆ ಕಿಂಡಿಯಿರಬೇಕು. ಇಲ್ಲವಾದರೆ ಬಟ್ಟೆ ಒಣಗುವುದರೊಳಗೆ ಶ್ವಾಸಕೋಶಕ್ಕೆ ಕೇಡು.

ಈಗ ಜ್ವರದ ಮಾತು. ನಡುಕ ಉಷ್ಣದ ನಷ್ಟದಿಂದ ಬಂದರೆ ಜ್ವರದ ಸ್ವರೂಪವೇ ಬೇರೆ. ದೇಹವನ್ನು ಹೊಕ್ಕ ಸೂಕ್ಷ್ಮಜೀವಿಗಳನ್ನು ಎದುರಿಸುವಾಗ ಮೆದುಳಿನ ಉಷ್ಣನಿಯಂತ್ರಕವು ತನ್ನ ಮಟ್ಟವನ್ನು ತಾನೇ ಏರಿಸುತ್ತದೆ. ಮಳೆಯ ಹನಿ ಇಂತಹ ಜೀವಿಗಳನ್ನು ಮುಗಿಲಿನಿಂದ ಹೊತ್ತು ತರುವುದಿಲ್ಲ. ನೆಲಕ್ಕೆ ಬಿದ್ದ ಮೇಲೆ ಅದು ಎಲ್ಲಿ ಹರಿಯಿತು, ಎಲ್ಲಿ ನಿಂತಿತು ಎಂಬುದೇ ಮುಖ್ಯ.

ಮಲೆನಾಡಿನ ಜ್ವರವೆಂದೊಡನೆ ಮಂಗನ ಕಾಯಿಲೆಯ ನೆನಪಾಗುವುದು ಸಹಜ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಆ ರೋಗ ಉಣ್ಣೆಗಳಿಂದ ಹರಡುತ್ತದೆ. ಮಳೆ ನಿಂತ ಮೇಲಿನ ಒಣ ತಿಂಗಳುಗಳಲ್ಲಿ ಅದರ ಹಾವಳಿ ಹೆಚ್ಚು. ನಾಟಿಯ ಕಾಲದ ಶತ್ರು ಇನ್ನೊಂದು: ಇಲಿ ಜ್ವರ. ಜರ್ಮನಿಯ ವೈದ್ಯ ಅಡಾಲ್ಫ್ ವೈಲ್ ಇದರ ತೀವ್ರರೂಪವನ್ನು ೧೮೮೬ರಲ್ಲಿ ವರ್ಣಿಸಿದನು. ಇದಕ್ಕೆ ಕಾರಣವಾದ ಲೆಪ್ಟೊಸ್ಪೈರ ಎಂಬ ಸುರುಳಿಯಾಕಾರದ ಸೂಕ್ಷ್ಮಜೀವಿ ಇಲಿ, ದನ ಮೊದಲಾದ ಪ್ರಾಣಿಗಳ ಮೂತ್ರದೊಡನೆ ಹೊರಬಿದ್ದು, ಕೆಸರಿನಲ್ಲಿ ಬದುಕಿದ್ದು, ಕಾಲಿನ ಗಾಯಗಳ ಮೂಲಕ ಒಳಸೇರುತ್ತದೆ. ದಿನವಿಡೀ ನೀರಿನಲ್ಲಿ ನೆನೆದು ಬಿರಿದ ಕಾಲ್ಬೆರಳ ಸಂದುಗಳೂ ಅದಕ್ಕೆ ಬಾಗಿಲು. ಸಾಮಾನ್ಯವಾಗಿ ೫ರಿಂದ ೧೪ ದಿನಗಳಲ್ಲಿ ಜ್ವರ, ತಲೆನೋವು, ಮೀನಖಂಡಗಳ ತೀವ್ರ ನೋವು, ಕಣ್ಣು ಕೆಂಪಾಗುವುದು ಕಾಣಿಸಿಕೊಳ್ಳುತ್ತವೆ.

ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬನ ತಂದೆಗೆ ನಾಟಿ ಮುಗಿದ ವಾರದಲ್ಲಿ ಜ್ವರ ಬಂತು. "ಇದು ನೆನೆದ ಜ್ವರ, ತಾನಾಗಿ ಇಳಿಯುತ್ತದೆ" ಎಂದು ಮನೆಯವರು ಐದು ದಿನ ಕಷಾಯ ಕೊಟ್ಟರು. ಆರನೆಯ ದಿನ ಕಣ್ಣು ಹಳದಿಯಾಗಿ ಮೂತ್ರ ಕಡಮೆಯಾಯಿತು. ಆಸ್ಪತ್ರೆಯಲ್ಲಿ ಮೂರು ವಾರ ಕಳೆದು ಅವರು ಬದುಕಿ ಬಂದರು. ಆದರೆ ಆ ವರ್ಷ ಮತ್ತೆ ಗದ್ದೆಗೆ ಇಳಿಯಲಾಗಲಿಲ್ಲ. ಮೊದಮೊದಲೇ ಜೀವಿರೋಧಕ ಔಷಧ ದೊರೆತರೆ ಸಾಮಾನ್ಯವಾಗಿ ಗುಣವಾಗುವ ರೋಗವಿದು. ಕೇಡು ಮಾಡಿದ್ದು "ನೆನೆದ ಜ್ವರ" ಎಂಬ ಹೆಸರು. ಕಾರಣ ತಿಳಿಯಿತೆಂದು ಭಾವಿಸಿದವರು ಕಾರಣವನ್ನು ಹುಡುಕಲಿಲ್ಲ.

ಕುಡಿಯುವ ನೀರಿನ ವಿಷಯದಲ್ಲಿಯೂ ಇಂತಹ ಭ್ರಮೆಯುಂಟು. ಮಳೆಗಾಲದಲ್ಲಿ ಬಾವಿಯ ನೀರು ಮೇಲೇರಿ ಬಂದು, ನೆಲದ ಕೊಳೆ ಸುಲಭವಾಗಿ ಅದನ್ನು ಸೇರುತ್ತದೆ. ಆದರೂ "ನೀರು ತಿಳಿಯಾಗಿದೆ" ಎಂದು ಕುಡಿಯುತ್ತೇವೆ. ಬೆಳಕನ್ನು ಚದರಿಸುವಷ್ಟು ಕಣಗಳು ನೀರಿನಲ್ಲಿಲ್ಲ ಎಂಬುದನ್ನಷ್ಟೇ ಈ ತಿಳಿತನ ಹೇಳುತ್ತದೆ; ರೋಗ ತರಲು ಸಾಕಾಗುವಷ್ಟು ಸೂಕ್ಷ್ಮಜೀವಿಗಳು ಕಣ್ಣಿಗೆ ಕಾಣದೆಯೇ ಅದರಲ್ಲಿರಬಹುದು. ೧೮೫೪ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಪಂಪಿನ ನೀರು ರುಚಿಗೆ ಹೆಸರಾಗಿತ್ತು. ದೂರದ ಬಡಾವಣೆಯ ಒಬ್ಬ ವೃದ್ಧೆ ಅದನ್ನೇ ತರಿಸಿ ಕುಡಿಯುತ್ತಿದ್ದಳು, ಕಾಲರಾದಿಂದ ಸತ್ತಳು. ಆ ಸಾವೇ ವೈದ್ಯ ಜಾನ್ ಸ್ನೋಗೆ ಒಂದು ಬಲವಾದ ಸಾಕ್ಷ್ಯವಾಯಿತು.

ಆದುದರಿಂದ ನೀರನ್ನು ಸೋಸಿ, ಕುದಿಸಿ ಕುಡಿಯಬೇಕು. ಸಮುದ್ರಮಟ್ಟದಿಂದ ಸುಮಾರು ೬೦೦ ಮೀಟರ್ ಎತ್ತರದ ತೀರ್ಥಹಳ್ಳಿಯಲ್ಲಿ ನೀರು ೯೮ ಡಿಗ್ರಿಯಲ್ಲಿಯೇ ಕುದಿಯುತ್ತದೆ. ಎರಡು ಡಿಗ್ರಿ ಕಡಮೆಯಾಯಿತೆಂದು ಅಂಜಬೇಕಿಲ್ಲ. ಕೊತಕೊತನೆ ಒಂದು ನಿಮಿಷ ಕುದಿದರೆ ಸಾಕು. ಭೇದಿಯಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮಮಟ್ಟದ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಆಗಾಗ ಕುಡಿಸಬೇಕು. ೧೯೭೧ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾಕ್ಟರ್ ದಿಲೀಪ್ ಮಹಾಲನಬಿಸ್ ಅವರು ಇಂತಹ ಉಪ್ಪು-ಸಕ್ಕರೆಗಳ ದ್ರಾವಣದಿಂದಲೇ ಅನೇಕ ಕಾಲರಾ ರೋಗಿಗಳನ್ನು ಉಳಿಸಿದರು.

ಇನ್ನು ನಿಂತ ನೀರು. ಅಡಕೆ ತೋಟದಲ್ಲಿ ಬಿದ್ದ ಹಾಳೆಯಲ್ಲಿ ಒಂದು ಬೊಗಸೆ ನೀರು ನಿಂತರೂ ಡೆಂಗೀ ಹರಡುವ ಸೊಳ್ಳೆಗೆ ಅದು ತೊಟ್ಟಿಲು. ಮೊಟ್ಟೆಯೊಡೆದು ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಬೇಕು. ಆದುದರಿಂದ ವಾರಕ್ಕೊಮ್ಮೆ ಹಾಳೆ, ಕರಟ, ಹಳೆಯ ಟೈರುಗಳನ್ನು ಬೋರಲು ಹಾಕಿದರೆ ಅವುಗಳ ವಂಶ ಅಲ್ಲಿಗೇ ಮುಗಿಯುತ್ತದೆ. ಈ ಕೆಲಸವನ್ನು ವಿದ್ಯಾರ್ಥಿಗಳು ಭಾನುವಾರ ಅರ್ಧ ಗಂಟೆಯಲ್ಲಿ ಮಾಡಬಹುದು.

ವಾಚಕಮಿತ್ರರೆ, ಮಳೆಯಲ್ಲಿ ನೆನೆಯಲು ಹೆದರಬೇಡಿ. ನೆನೆದು ಬಂದರೆ ಬಟ್ಟೆ ಬದಲಿಸಿ. ಗದ್ದೆಗೆ ಇಳಿಯುವಾಗ ಗಾಯಗಳನ್ನು ಮುಚ್ಚಿ, ಸಾಧ್ಯವಾದರೆ ಗಂಬೂಟು ಧರಿಸಿ. ಬಂದೊಡನೆ ಕಾಲನ್ನು ಸಾಬೂನಿನಿಂದ ತೊಳೆದು ಬೆರಳ ಸಂದುಗಳನ್ನು ಒಣಗಿಸಿ. ಜ್ವರ ಎರಡು ದಿನದಲ್ಲಿ ಬಿಡದಿದ್ದರೆ ಮನಸ್ಸಿಗೆ ತೋರಿದ ಮಾತ್ರೆ ನುಂಗದೆ ವೈದ್ಯರ ಬಳಿಗೆ ಹೋಗಿ. ಉಸಿರಾಟಕ್ಕೆ ಕಷ್ಟವಾದರೆ, ರಕ್ತ ಅಥವಾ ಕಾಮಾಲೆ ಕಂಡರೆ ಒಂದು ಗಂಟೆಯೂ ಕಾಯಬೇಡಿ. ಅಲ್ಲಿ "ಮಳೆಯಲ್ಲಿ ನೆನೆದೆ" ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಯಾವ ಗದ್ದೆಯಲ್ಲಿ ಎಷ್ಟು ದಿನ ನಿಂತಿರಿ, ಎಲ್ಲಿಯ ನೀರು ಕುಡಿದಿರಿ ಎಂಬುದನ್ನೂ ತಿಳಿಸಿ. ವೈದ್ಯರಿಗೆ ನಿಮ್ಮ ಜ್ವರದ ಜಾಡು ಸಿಕ್ಕುವುದು ಅಲ್ಲಿಂದಲೇ.